ಬಾಯಿಬಿಡದವರ ಕೋಣೆ

ನ್ಯಾಯ ಅಂದರೆ ಏನು, ನೀತಿ ಅಂದರೆ ಏನು ಎಂದು ತಲೆ ಕೆಡಿಸಿಕೊಳ್ಳುವುದೇ ಕಸುಬಾಗಿದ್ದ ಮೂವರು ಒಂದೇ ಕಚೇರಿಯಲ್ಲಿದ್ದರು: ತತ್ವಶಾಸ್ತ್ರದ ಮೇಷ್ಟ್ರು, ಯಾವಾಗಲೂ ನಿಂತೇ ಓದುವ ಕಾನೂನಿನ ಪಂಡಿತರು, ಮತ್ತು ಎಲ್ಲರೂ ಅಕ್ಕ ಎನ್ನುತ್ತಿದ್ದ ಮನಶ್ಶಾಸ್ತ್ರದವಳು. ಮೂವರೂ ಕೂಡಿ ಒಂದು ಪುಸ್ತಕ ಬರೆಯುತ್ತಿದ್ದರು. ಅವರಲ್ಲೊಂದು ಪದ್ಧತಿ: ಏನನ್ನೇ ಹಂಚುವಾಗಲೂ ಯಾರೂ ತಮ್ಮ ಕಷ್ಟಸುಖ ಹೇಳುವಂತಿಲ್ಲ. ಹೇಳಿದರೆ ಉಳಿದವರ ಮನಸ್ಸು ವಾಲುತ್ತದಂತೆ, ನ್ಯಾಯ ಕೆಡುತ್ತದಂತೆ. ಬಿಸ್ಕತ್ತು ಹಂಚುವುದಕ್ಕೂ ಇದೇ ಕಾನೂನು, ಕರ್ಮ!

ಕಚೇರಿಯ ನಿರ್ದೇಶಕರು ನಿವೃತ್ತರಾಗಿ ದೊಡ್ಡ ಕಿಟಕಿಯ ಕೋಣೆ ಖಾಲಿಯಾಯಿತು. ಅಕ್ಕನಿಗೆ ಅದರ ಮೇಲೆ ಆಸೆ ಅಂದರೆ ಎಂಥ ಆಸೆ! ಅವಳ ಕಣ್ಣು ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. ಕಿಟಕಿಯಿಲ್ಲದ ಅವಳ ಕೋಣೆಯಲ್ಲಿ ಎಷ್ಟು ದೀಪ ಹಾಕಿದರೂ ಅಕ್ಷರಗಳು ಕಲಸಿಹೋಗುತ್ತಿದ್ದವು. ಹಗಲ ಬೆಳಕು ಸಿಗದಿದ್ದರೆ ಪುಸ್ತಕ ಬಿಟ್ಟು ಮನೆ ಸೇರುವುದೊಂದೇ ದಾರಿ. ಇದು ಗೊತ್ತಿದ್ದದ್ದು ಮನೆಯಲ್ಲಿದ್ದ ತಂಗಿಗೊಬ್ಬಳಿಗೇ.

"ಹೇಳ್ಬಿಡೇ ಅಕ್ಕ! ಬಾಯಿಗೇನು ಬೀಗ ಹಾಕಿದಾರಾ?"

"ನಾವೇ ಮಾಡಿದ ನಿಯಮ ಕಣೇ. ನಾನೇ ಮುರಿದ್ರೆ ಹೇಗೆ?"

"ಸರಿ, ನೀನು ಕುರುಡಿಯಾಗು, ನಿಯಮ ನೆಟ್ಟಗಿರ್ಲಿ" ಎಂದು ತಂಗಿ ಪಾತ್ರೆ ಕುಕ್ಕಿದಳು.

ಪದ್ಧತಿಯಂತೆ ಮೂವರ ಹೆಸರೂ ಬರೆದು ಚೀಟಿ ಎತ್ತಿದರು. ಕೋಣೆ ಮೇಷ್ಟ್ರ ಪಾಲಾಯಿತು. ಅಕ್ಕ ಚಪ್ಪಾಳೆ ತಟ್ಟಿ ತನ್ನ ಕತ್ತಲೆ ಕೋಣೆಗೆ ವಾಪಸಾದಳು.

ಒಂದು ಮಧ್ಯಾಹ್ನ ಬರೆದ ಹಾಳೆ ಕೊಡಲು ಹೋದರೆ, ಅಯ್ಯೋ ಶಿವನೇ, ಕಿಟಕಿಗೆ ದಪ್ಪನೆಯ ಕಪ್ಪು ಕಂಬಳಿ! ಮೇಷ್ಟ್ರು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಮುದುಡಿದ್ದರು.

"ಇದೇನ್ ಸಾರ್?"

"ಬೆಳಕು ಕಂಡ್ರೆ ತಲೆ ಸಿಡಿಯತ್ತಮ್ಮ, ಹಳೇ ಕಾಯಿಲೆ. ಹೇಳೋ ಹಾಗೂ ಇರ್ಲಿಲ್ಲ, ಕೋಣೆ ಬೇಡ ಅನ್ನೋ ಹಾಗೂ ಇರ್ಲಿಲ್ವಲ್ಲ."

ಎಲ್ಲಿತ್ತೋ ಸಿಟ್ಟು, ಅಕ್ಕ ಹೋದವಳೇ ಕಂಬಳಿಯನ್ನು ಕಿತ್ತೆಳೆದಳು. "ನನಗೆ ಕಣ್ಣು ಕಾಣ್ತಿಲ್ಲ ಸಾರ್! ಈ ಬೆಳಕು ನನಗೆ ಬೇಕು, ನನಗೆ!" ಎಂದು ಕೂಗಿ, ಹಾಗೇ ಅತ್ತುಬಿಟ್ಟಳು. ಇಷ್ಟು ದಿನ ಎಷ್ಟು ಹೆದರಿದ್ದಳೆಂದು ಅವಳಿಗೇ ಆಗ ಗೊತ್ತಾಯಿತು.

"ಮೊದ್ಲೇ ಯಾಕಮ್ಮ ಹೇಳಲಿಲ್ಲ?" ಎಂದ ಮೇಷ್ಟ್ರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ತಮ್ಮ ಪುಸ್ತಕಗಳನ್ನು ಅವಳ ಕೋಣೆಗೆ ಸಾಗಿಸತೊಡಗಿದರು.

ಗಲಾಟೆ ಕೇಳಿ ಪಂಡಿತರು ಬಂದರು. "ಹೀಗೆಲ್ಲ ಅದಲು ಬದಲು ಮಾಡೋ ಹಾಗಿಲ್ಲ! ಪದ್ಧತಿ ಅಂತ ಒಂದಿದೆ!"

"ಅದಿರ್ಲಿ," ಅಕ್ಕ ಮೂಗು ಒರೆಸಿಕೊಂಡಳು. "ನಿಮಗೇನು ಬೇಕು, ಹೇಳಿ."

ಪಂಡಿತರು ತಬ್ಬಿಬ್ಬಾದರು. ಆ ಕಚೇರಿಯಲ್ಲಿ ಅವರನ್ನು ಹಾಗೆ ಕೇಳಿದವರೇ ಇರಲಿಲ್ಲ.

"ಒಂದು ಒಳ್ಳೇ ಕುರ್ಚಿ," ಎಂದರು ಮೆಲ್ಲಗೆ. "ಇರೋದ್ರಲ್ಲಿ ಕೂತ್ರೆ ಸೊಂಟದಲ್ಲಿ ಜೀವ ಹೋಗತ್ತೆ. ಅದಕ್ಕೇ ನಿಂತಿರ್ತೀನಿ."

ಅಕ್ಕ ಆ ಕೋಣೆಯಲ್ಲೇ ಉಳಿದಿದ್ದ ನಿರ್ದೇಶಕರ ಮೆತ್ತನೆಯ ಕುರ್ಚಿಯನ್ನು ಅವರತ್ತ ತಳ್ಳಿದಳು. ಕಿಟಕಿಯ ಬೆಳಕಿನಲ್ಲಿ ಅವರ ಮುಖ ಅವಳಿಗೆ ಚೆನ್ನಾಗಿ ಕಂಡಿತು. ಅದರಲ್ಲಿ ಎಷ್ಟೊಂದು ನೋವಿತ್ತು.