ಸುಕ್ಕಿಲ್ಲದ ಮೆಣಸಿನಕಾಯಿ

ಕತ್ತಲಲ್ಲಿ ಮೌಸ್ ಟಿಕ್ ಎಂದಿತು. ಪುಷ್ಪಲತಾ ಕಣ್ಣು ಬಿಟ್ಟಳು. ರಾಣೆಬೆನ್ನೂರಿನ ಆ ಬಾಡಿಗೆ ಕೋಣೆಯ ಇನ್ನೊಂದು ಮೂಲೆಯಲ್ಲಿ ಸಿಮ್ರಾನ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು. ಹಾವೇರಿಯಿಂದ ಬಂದ ಈ ಹುಡುಗಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವಳು ಪುಷ್ಪಲತಾಳೇ. ಈಗ ಸಿಮ್ರಾನ ಪೆನ್ಸಿಲ್ ಮುಟ್ಟುವುದಿಲ್ಲ. ಎಐಗೆ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು, ಚಿತ್ರ ತಾನೇ ಕುಣಿಯುತ್ತದೆ.

ಬ್ಯಾಡಗಿಯ ವ್ಯಾಪಾರಿ ಪ್ರಭುಲಿಂಗಪ್ಪನವರಿಗೆ ಜಾಹೀರಾತಿಗಾಗಿ ಕುಣಿಯುವ ಮೆಣಸಿನಕಾಯಿ ಬೇಕಿತ್ತು. ಅವರು ಕೆಲಸ ಮಾಡುತ್ತಿದ್ದ ಅನಿಮೇಶನ್ ಸ್ಟುಡಿಯೋದ ಮಾಲೀಕ ಕೊಟ್ರೇಶ ಇಬ್ಬರಿಗೂ ಬೇರೆಬೇರೆಯಾಗಿ ಮಾಡಲು ಹೇಳಿದ್ದ. ಯಾರದು ಒಪ್ಪಿಗೆಯಾಗುತ್ತದೋ ಅವರಿಗೆ ಕೆಲಸ ಉಳಿಯುತ್ತದೆ. ಇನ್ನೊಬ್ಬರು ಬೇರೆ ಕಡೆ ನೋಡಿಕೊಳ್ಳಬೇಕು. ಪುಷ್ಪಲತಾ ವಾರಗಟ್ಟಲೆ ಹಾಳೆಯ ಮೇಲೆ ಹಾಳೆಯಿಟ್ಟು ಒಂದೊಂದೇ ಹೆಜ್ಜೆ ಬಿಡಿಸಿದ್ದಳು. ಸಿಮ್ರಾನಳದು ಎರಡು ಸಂಜೆಯಲ್ಲಿ ಮುಗಿದಿತ್ತು.

“ಅಕ್ಕಾ, ಎಚ್ಚರ ಅದೀರೇನ್ರಿ? ಒಂದ್ಸಲ ನೋಡ್ರಿ. ತಪ್ಪಿದ್ರ ಹೇಳ್ರಿ.”

ನೋಡಿದಳು. ಮೆಣಸಿನಕಾಯಿ ಸೊಂಟ ಬಳುಕಿಸಿ ತಿರುಗುತ್ತಿತ್ತು. ಅಂಥ ತಿರುವು ತನ್ನ ಕೈಗೆ ಎಂದೂ ಬಂದಿರಲಿಲ್ಲ. ಆಮೇಲೆ ಕಂಡಿತು: ಕಾಯಿಯ ಮೈ ನುಣ್ಣಗೆ ಹೊಳೆಯುತ್ತಿದೆ, ಬ್ಯಾಡಗಿ ಕಾಯಿಯ ಗುರುತಾದ ಸುಕ್ಕು ಒಂದೂ ಇಲ್ಲ. ಅವಳ ಬೆರಳು ಪರದೆಯ ಕಡೆ ಎದ್ದಿತು. ಹಾಗೆಯೇ ಇಳಿಯಿತು.

“ಚಲೋ ಐತಿ,” ಎಂದಳು. “ಮಲಕ್ಕೋ.”

ಮರುದಿನ ಬ್ಯಾಡಗಿಯ ಅಂಗಡಿಯಲ್ಲಿ ಪ್ರಭುಲಿಂಗಪ್ಪ ಕನ್ನಡಕ ಏರಿಸಿ ಮೊದಲು ಸಿಮ್ರಾನಳದನ್ನು ನೋಡಿದರು.

“ತಂಗಿ, ಇದು ನಮ್ಮ ಕಾಯಿ ಅಲ್ಲವ್ವ. ಸುಕ್ಕ ಎಲ್ಲಿ ಅದಾವು? ಗುಂಟೂರಿಂದ ಬಂದ ಅಳಿಯ ಕುಣದಂಗ ಐತಿ. ಇದನ್ನ ತೋರಿಸಿದ್ರ ಪ್ಯಾಟ್ಯಾಗ ಮಂದಿ ನನಗ ನಗ್ತಾರ.”

ಪುಷ್ಪಲತಾಳದನ್ನು ನೋಡಿ, “ಹಾಂ, ಇದು ನಮ್ಮದು. ಕುಣಿಯೂದು ಒಂಚೂರು ಕುಂಟತೈತಿ, ಇರ್ಲಿ,” ಎಂದರು.

ಕೊಟ್ರೇಶ ಸಿಮ್ರಾನಳತ್ತ ತಿರುಗಿದ. “ತರೂಕಿಂತ ಮದಲ ಯಾರಿಗೂ ತೋರಿಸಿರಲಿಲ್ಲೇನು ನೀ?”

ಪುಷ್ಪಲತಾ ಉಸಿರು ಹಿಡಿದಳು.

“ಇಲ್ರಿ ಸರ್,” ಎಂದಳು ಸಿಮ್ರಾನ. “ನನ್ನ ಲಕ್ಷ್ಯ ಬರೇ ಕುಣಿತದ ಮ್ಯಾಲಿತ್ತು.”

ರಾಣೆಬೆನ್ನೂರಿಗೆ ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಸಿಮ್ರಾನ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: “ರಾತ್ರಿ ಬೆರಳು ಎತ್ತಿದ್ರಿ, ಇಳಿಸಿದ್ರಿ. ಯಾಕಂತ ನನಗ ಈಗ ತಿಳೀತು ಅಕ್ಕಾ.”

ಪುಷ್ಪಲತಾ ಕೈಯಲ್ಲಿದ್ದ ಟಿಕೆಟ್ ಮಡಚಿದಳು. ಗೆದ್ದವಳು ತಾನು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ಆ ಕುಣಿತದ ಹಾಗೆ, ತನ್ನನ್ನು ಬಿಟ್ಟುಕೊಡದ ಈ ದೊಡ್ಡತನವೂ ಅವಳಿಗೆ ಎಷ್ಟು ಸಲೀಸಾಗಿ ಬಂತಲ್ಲ ಎಂದು ಹೊಸದಾಗಿ ಹೊತ್ತಿಕೊಂಡಿತು.

“ಅಂಜಬ್ಯಾಡ್ರಿ,” ಎಂದಳು ಸಿಮ್ರಾನ. “ಯಾರ ಮುಂದೂ ಹೇಳಂಗಿಲ್ಲ ನಾ.”