ತೂಕ ನೋಡಿಸಿಕೊಂಡು ಬಾ

ಮಗಳು ಡಾಕ್ಟರ ಕೋಣೆಯೊಳಗೆ ಕಾಲಿಟ್ಟಳು, ಅಮ್ಮ ಇನ್ನೇನು ಕಾಲೆತ್ತಬೇಕು, ಅಷ್ಟರಲ್ಲಿ ಬಾಗಿಲಿನ ಜವಾನ ತೋಳು ಅಡ್ಡ ಚಾಚಿದ. "ಪೇಷೆಂಟ್ ಮಾತ್ರ," ಎಂದ.

ಅಮ್ಮ ತಾನು ತಾಯಿ ಎಂದಳು. ತಾಯಂದಿರೆಲ್ಲ ಅಂಗಳದ ಆಚೆ, ಮಕ್ಕಳ ವಿಭಾಗದಲ್ಲಿ, ಎಂದ ಅವನು. ಇದು ದೊಡ್ಡವರದು, ಹದಿನೆಂಟು ತುಂಬಿದವರು ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳಬೇಕು. ಅವಳು ಜಗ್ಗದಿದ್ದಾಗ ಬೆಂಚಿನವರಿಗೂ ಕೇಳುವಂತೆ ಅಂದ: "ನಾಳೆ ಮದುವೆ ಮಾಡಿಕೊಟ್ರೆ ಅಲ್ಲಿಗೂ ನೀವೇ ಹೋಗಿ ಮಾತಾಡ್ತೀರಾ, ಅಮ್ಮಾ?"

ಬೆಂಚು ನಕ್ಕಿತು. ಮಗಳು ತಿರುಗಿ, "ಹೋಗಮ್ಮ, ಕೂತ್ಕೋ. ನಂಗೇನು ಬಾಯಿಲ್ವಾ?" ಎಂದಳು. ಬಾಗಿಲು ಮುಚ್ಚಿತು.

ಬಾಯಿಗೇನೂ ಕೊರತೆಯಿರಲಿಲ್ಲ. ಮಾತು ಕಲಿತಂದಿನಿಂದ ಮನೆಯಲ್ಲಿ ಅವಳ ಹೆಸರೇ ಜೀರುಂಡೆ. ಆದರೆ ಒಳಗೆ ಹೇಳಬೇಕಾದ ಮಾತು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳು ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು.

ಶುರುವಾದದ್ದು ಹೈಸ್ಕೂಲಿನಲ್ಲಿ. ತರಗತಿಯ ನಡುವೆ, ಎಲ್ಲರ ಎದುರು, ಫಿಟ್ಸ್ ಬಂದು ಬಿದ್ದ ಮೇಲೆ ಜೀರುಂಡೆ ಮಾತು ನಿಲ್ಲಿಸಿದ್ದಳು. ಶಾಲೆಯ ಹೆಸರೆತ್ತಿದರೆ ಗೋಡೆಯ ಕಡೆ ಹೊರಳುವಳು. ಆಮೇಲೆ ಫಿಟ್ಸ್ ಹಗಲನ್ನು ಬಿಟ್ಟು ನಿದ್ದೆಯನ್ನು ಹಿಡಿಯಿತು. ನಿದ್ದೆಯಲ್ಲಿ ಬಂದದ್ದು ಅವಳಿಗೆ ನೆನಪಿರುತ್ತಿರಲಿಲ್ಲ. ಪಕ್ಕದಲ್ಲೇ ಮಲಗುವ ಅಮ್ಮ ಅವಳನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ದಿಂಬಿನ ಚೀಲ ಬದಲಿಸಿಬಿಡುತ್ತಿದ್ದಳು. ಬೆಳಿಗ್ಗೆ ನಾಲಿಗೆ ಉರಿಯುತ್ತದೆ ಎಂದರೆ, ಹಲ್ಲು ಕಡಿಯುತ್ತೀಯ, ನಿಮ್ಮಪ್ಪನ ಕಡೆಯವರ ಚಾಳಿ ಅದು, ಎನ್ನುತ್ತಿದ್ದಳು. ಸತ್ತ ಗಂಡ ಎದ್ದು ಬಂದು ಅಲ್ಲವೆನ್ನುವ ಹಾಗಿರಲಿಲ್ಲ. ಕಾಯಿಲೆ ಬಿಟ್ಟುಹೋಯಿತು ಎಂಬ ನಂಬಿಕೆಯ ಮೇಲೆ ಹುಡುಗಿ ಮತ್ತೆ ಚಿಗುರಿದಳು, ಓದಿದಳು, ಜಗಳವಾಡಿದಳು.

ಮಕ್ಕಳ ವಿಭಾಗದ ವೈದ್ಯರೂ ಇದರಲ್ಲಿ ಪಾಲುದಾರರು. ಅವರ ಕೋಣೆಯ ಗೋಡೆಯ ತುಂಬ ಆನೆಯ ಚಿತ್ರ. ಅದಕ್ಕೇ ಆನೆ ಡಾಕ್ಟರು. "ಹೋಗಿ ತೂಕ ನೋಡಿಸಿಕೊಂಡು ಬಾ," ಎಂದು ಪ್ರತಿ ಸಲವೂ ಹುಡುಗಿಯನ್ನು ನರ್ಸಿನ ಬಳಿಗೆ ಕಳಿಸುವರು. ಅವಳು ಚಪ್ಪಲಿ ಕಳಚಿ ಯಂತ್ರ ಹತ್ತಿ ಇಳಿಯುವಷ್ಟರಲ್ಲಿ ಅಮ್ಮ ನಿಜವನ್ನು ಒಪ್ಪಿಸಿ ಮುಗಿಸುತ್ತಿದ್ದಳು. ಮಾತ್ರೆ ಹೆಚ್ಚಿಸಬೇಕಾದರೆ, ತೂಕ ಏರಿದೆಯಲ್ಲಮ್ಮ, ಅದಕ್ಕೆ, ಎನ್ನುವರು. ಅದನ್ನು ನಂಬಿ ಹುಡುಗಿ ಎಷ್ಟೋ ದಿನ ಅರ್ಧ ಹೊಟ್ಟೆ ಉಂಡದ್ದುಂಟು. ಮಗು ಓದಿಬಿಟ್ಟೀತು ಎಂದು ಅವರು ಎಲ್ಲೂ ಬರೆಯಲೂ ಇಲ್ಲ. ಗುಟ್ಟು ಎರಡು ಬಾಯಿಗಳ ನಡುವೆಯೇ ಉಳಿಯಿತು.

ಮೂರ್ಛೆರೋಗಕ್ಕೆ ಹುಟ್ಟುಹಬ್ಬ ತಿಳಿಯದು. ಆಸ್ಪತ್ರೆಗೆ ಮಾತ್ರ ತಿಳಿದಿತ್ತು. ಹದಿನೆಂಟು ತುಂಬಿತೋ ಇಲ್ಲವೋ ಕೈ ಕುಲುಕಿ, ಕೈಗೊಂದು ಬಲೂನು ಕೊಟ್ಟು, ಅಂಗಳ ದಾಟಿಸಿದರು. ಆ ಅಂಗಳಕ್ಕೆ ಗಾಜಿನ ಸೂರು ಹೊದಿಸಿದವರಿಗೆ, ನಡುವೆ ಕಾರಂಜಿ ಕೂರಿಸಿದವರಿಗೆ, ಆಚೆಯ ವೈದ್ಯನನ್ನೂ ಈಚೆಯ ವೈದ್ಯನನ್ನೂ ಒಂದು ಗಳಿಗೆ ಎದುರುಬದುರು ಕೂರಿಸಬೇಕೆಂದು ಹೊಳೆದಿರಲಿಲ್ಲ. ಕಸಾಯಿಖಾನೆಯಲ್ಲೂ ಒಬ್ಬ ಕೈಬಿಡುವ ಮೊದಲು ಕುರಿಯನ್ನು ಇನ್ನೊಬ್ಬ ಹಿಡಿದಿರುತ್ತಾನೆ. ಅಮ್ಮನಿಗೆ ಸಿಟ್ಟು ಉಕ್ಕಿತು. ಸಿಟ್ಟು ಹಿತವಾಗಿತ್ತು, ಯಾಕೆಂದರೆ ಅದು ಇಳಿದರೆ ತಳದಲ್ಲಿ ಕಾಣುತ್ತಿದ್ದದ್ದು ತನ್ನದೇ ಮುಖ. ಅಂಗಳ ದಾಟುವ ಮೊದಲು ಮಗಳಿಗೆ ಹೇಳಿಬಿಡಿ ಎಂದು ಆನೆ ಡಾಕ್ಟರು ಕೊನೆಯ ದಿನ ಅಂಗಲಾಚಿದ್ದರು. ಹ್ಞೂಂ ಎಂದಿದ್ದಳು. ಪರೀಕ್ಷೆ ಮುಗಿಯಲಿ, ಫಲಿತಾಂಶ ಬರಲಿ ಎಂದು ದೂಡಿದ್ದಳು. ಈಗ ಹುಡುಗಿಗೆ ದೂರದ ಊರಿನಲ್ಲಿ ಲ್ಯಾಬ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲಿ ಒಬ್ಬಳಿಗೇ ಒಂದು ಕೋಣೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಒಳಗೆ ಮಗಳ ನಗು ಕೇಳಿಸಿತು. ಅಮ್ಮ ಎದ್ದು ಜವಾನನ ಬಳಿ ಹೋಗಿ, ಡಾಕ್ಟರಿಗೆ ಒಂದೇ ಒಂದು ಮಾತು ಹೇಳಬೇಕು ಎಂದಳು. ಅವನೇನು ಕೆಟ್ಟವನಲ್ಲ, ಮಗಳು ಹೊರಗೆ ಬಂದ ಮೇಲೆ ನೋಡೋಣ ಎಂದ. ಪಕ್ಕಕ್ಕೆ ಸರಿಸಿ ನುಗ್ಗಬಹುದಿತ್ತು. ಅವಳು ಬಂದು ಕೂತಳು. ಆ ನಗು ಇನ್ನಷ್ಟು ಹೊತ್ತು ಇರಲಿ ಎಂದು ಅವಳಿಗೂ ಅನಿಸಿತ್ತು.

ಜೀರುಂಡೆ ಕುಣಿಯುತ್ತಲೇ ಬಂದಳು. ವರ್ಷಗಟ್ಟಲೆ ಒಂದೂ ಫಿಟ್ಸ್ ಬಂದಿಲ್ಲ ಅಂದರೆ ಇಷ್ಟೊಂದು ಯಾಕೆ ನುಂಗುತ್ತೀಯ ಎಂದರಂತೆ ಡಾಕ್ಟರು. ಮಾತ್ರೆ ಅರ್ಧಕ್ಕೆ ಇಳಿಸಿದರಂತೆ, ಆಮೇಲೆ ಪೂರ್ತಿ ನಿಲ್ಲಿಸುವುದಂತೆ. ಹಾಸ್ಟೆಲ್ಲಿಗೆ ಧಾರಾಳವಾಗಿ ಹೋಗು ಎಂದರಂತೆ. ಅಮ್ಮನ ಕೈ ಹಿಡಿದು ಎಳೆದುಕೊಂಡೇ ಔಷಧಿ ಕೌಂಟರಿನ ಸಾಲಿಗೆ ನಡೆದಳು.

"ಹೋದ ಮೊದಲನೇ ಭಾನುವಾರ ಏನು ಮಾಡ್ತೀನಿ ಗೊತ್ತಾ?" ಎಂದಳು. "ಒಳಗಿಂದ ಚಿಲಕ ಹಾಕ್ಕೊಂಡು ಮಧ್ಯಾಹ್ನದವರೆಗೂ ಮಲಗ್ತೀನಿ. ಅಲ್ಲಿ ಎಬ್ಬಿಸೋರು ಯಾರು, ನೀನಾ?"

ಅಮ್ಮ ಕೈ ಬಿಡಿಸಿಕೊಂಡಳು.

"ನಿಂತಿಲ್ಲ ಕಣೇ," ಎಂದಳು. "ಫಿಟ್ಸು. ನಿದ್ದೇಲಿ ಬರುತ್ತೆ. ಹೋದ ವಾರಾನೂ ಬಂತು."

ಹುಡುಗಿ ಮೊದಲು ನಕ್ಕಳು. ಆಮೇಲೆ ಬಾಯೊಳಗೆ ನಾಲಿಗೆಯ ಅಂಚನ್ನು ಹಲ್ಲಿಗೆ ತಾಗಿಸಿ ನೋಡಿಕೊಂಡಳು.

"ಆನೆ ಡಾಕ್ಟರಿಗೆ?"

"ಗೊತ್ತಿತ್ತು. ನಿನ್ನನ್ನ ತೂಕಕ್ಕೆ ಕಳಿಸ್ತಿದ್ವಲ್ಲ, ಆವಾಗ ಹೇಳ್ತಿದ್ದೆ."

ಸಾಲು ಮುಂದೆ ಸರಿಯಿತು. ಹಿಂದಿನವರು ಹೋಗುತ್ತೀರೋ ಇಲ್ಲವೋ ಎಂದು ಕೇಳಿದರು. ಜೀರುಂಡೆ ಸಾಲಿನಿಂದ ಹೊರಗೆ ಬಂದಳು.

"ನಾನು ಒಳಗೆ ಹೇಳಿದ್ದೆಲ್ಲ ಸುಳ್ಳು, ಹಾಗಾದ್ರೆ."

"ಸುಳ್ಳು ನಂದು ಕಂದಾ. ನೀನು ಹೇಳಿಲ್ಲ."

"ನನ್ನ ಬಾಯಲ್ಲಿ ಹೇಳಿಸಿದೆ."

ಮಗಳು ಬಂದ ದಾರಿಯಲ್ಲೇ ಬಿರಬಿರನೆ ತಿರುಗಿ ನಡೆದಳು. ಅಮ್ಮ ಹಿಂದೆಯೇ, ಕರೆದಿಲ್ಲವಾದರೂ. ಒಂದು ಸಲ ನೋಡಿಸಿಕೊಂಡವರು ಮತ್ತೆ ಮೊದಲಿಂದ ಸರದಿಗೆ ಕೂರಬೇಕು ಎಂದ ಜವಾನ.

"ಕಾಯಿಲೇನ ಹೊರಗೆ ಬಿಟ್ಟು ಒಳಗೆ ಹೋಗಿದ್ದೆ ಅಣ್ಣಾ," ಎಂದಳು ಹುಡುಗಿ. "ಈಗ ಕರ್ಕೊಂಡು ಬಂದಿದೀನಿ."

ಅವನು ಇಬ್ಬರ ಮುಖವನ್ನೂ ನೋಡಿ ತೋಳು ಇಳಿಸಿದ.

ವೈದ್ಯ ಚಿಕ್ಕ ಪ್ರಾಯದವನು, ನಿದ್ದೆಗೆಟ್ಟ ಕಣ್ಣು. ಮೇಜಿನ ಮುಂದೆ ಇದ್ದದ್ದು ಒಂದೇ ಕುರ್ಚಿ. ಮಗಳು ಅಮ್ಮನ ಹೆಗಲು ಒತ್ತಿ ಅದರಲ್ಲಿ ಕೂರಿಸಿ ತಾನು ಹಿಂದೆ ನಿಂತಳು. "ಇವರು ಹೇಳ್ತಾರೆ, ಡಾಕ್ಟ್ರೇ. ನಾನೂ ಕೇಳಿಸ್ಕೋಬೇಕು."

ಹೇಗೆ ಶುರುವಾಗುತ್ತದೆ, ಯಾವ ಕಡೆಯಿಂದ, ಎಂದು ಕೇಳಿದ ವೈದ್ಯ. ಅಮ್ಮ ಬಾಯಿ ತೆರೆದಳು. ಇಷ್ಟು ವರ್ಷ ಬಾಗಿಲಿನ ಕಡೆ ಒಂದು ಕಣ್ಣಿಟ್ಟು, ಒಂದು ಬಂತು, ಎರಡು ಬಂತು ಎಂದು ಪಿಸುಗುಟ್ಟಿದ್ದಷ್ಟೇ. ಪೂರ್ತಿ ಹೇಳುವುದಕ್ಕೆ ಅವಳ ಬಳಿ ಮಾತೇ ಇರಲಿಲ್ಲ. ಕೊನೆಗೆ ಬಲಗೈ ಎತ್ತಿದಳು. ಬೆರಳುಗಳನ್ನು ಒಂದೊಂದಾಗಿ ಅಂಗೈಯೊಳಗೆ ಮಡಚಿದಳು. ಕತ್ತನ್ನು ನಿಧಾನವಾಗಿ ಹೆಗಲ ಕಡೆ ತಿರುಗಿಸಿದಳು, ಯಾರೋ ಹಿಡಿದು ಎಳೆದ ಹಾಗೆ. ಹಲ್ಲು ಕಚ್ಚಿದಳು.

"ಆಮೇಲೆ?" ಎಂದ ವೈದ್ಯ, ಬರೆಯುತ್ತ.

ಮೊಣಕೈ ಕುರ್ಚಿಯ ತೋಳಿಗೆ ಬಡಿಯತೊಡಗಿತು, ಮೊದಲು ಬಿಟ್ಟು ಬಿಟ್ಟು, ಆಮೇಲೆ ಬಿಡದೆ. ತಿರುಗಿದ ಕತ್ತಿನಲ್ಲೇ ಅಮ್ಮನಿಗೆ ಮಗಳು ಕಂಡಳು: ಪಕ್ಕಕ್ಕೆ ಬಂದು, ತುಸು ಬಾಗಿ, ಬೀದಿಯಲ್ಲಿ ಬಿದ್ದ ಅಪರಿಚಿತರನ್ನು ನೋಡುವಂತೆ ಆ ಕೈಯನ್ನೇ ನೋಡುತ್ತ, ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು.