ರೊಟ್ಟಿ ಗಾಡಿಯ ಹಟ

ನಾನು ಒಂದು ಕಾರು. ಡಬ್ಬಾ ಅಲ್ಲ, ತಗಡಲ್ಲ, ಗುಜರಿಯಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನನ್ನನ್ನು ಬಾಯಿಗೆ ಬಂದಂತೆ ಕರೆಯುವವರು ಬಹಳ ಮಂದಿ. ನಾಲ್ಕು ಬಾಗಿಲು, ಹಿಂದೆ ಅಗಲವಾದ ಡಿಕ್ಕಿ, ಬಿಳಿ ಬಣ್ಣ. ಈಗ ಅಲ್ಲಲ್ಲಿ ತುಕ್ಕು ಕಾಣುತ್ತದೆ. ಕಾಣಲಿ, ವಯಸ್ಸಾದವರ ಮೈಮೇಲೆ ಮಚ್ಚೆ ಇರುವುದಿಲ್ಲವೇ?

ನಾನು ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ. ಬಾಗಿಲು ಕೂಡಿಸಿದವರು ಒಬ್ಬರು, ಎಂಜಿನ್ ಇಟ್ಟವರು ಇನ್ನೊಬ್ಬರು. ಯಾರ ಮುಖವೂ ನೆನಪಿಲ್ಲ. ನೆನಪಿರುವುದು ನನ್ನ ಮೊದಲ ಯಜಮಾನರು, ಬೆಳಗಾವಿಯ ಒಬ್ಬ ಬ್ಯಾಂಕ್ ಮ್ಯಾನೇಜರು. ಪುಣ್ಯಾತ್ಮರು ಸೀಟಿನ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆಯಲಿಲ್ಲ. ಮಕ್ಕಳು ಒಳಗೆ ಚುರುಮುರಿ ತಿನ್ನುವಂತಿಲ್ಲ, ಮೋಡ ಕಂಡರೆ ನಾನು ಹೊರಗೆ ಬರುವಂತಿಲ್ಲ. ನಿಂತು ನಿಂತು ಮೈ ಜಡ್ಡುಗಟ್ಟಿತು. ಅವರಿಗೆ ವರ್ಗವಾದಾಗ ನನ್ನನ್ನು ಮದುವೆಗಳಿಗೆ ಬಾಡಿಗೆ ಕಾರು ಕೊಡುವವನೊಬ್ಬನಿಗೆ ಮಾರಿದರು.

ಅಲ್ಲಿ ಎಲ್ಲ ಉಲ್ಟಾ. ಮೈತುಂಬ ಚೆಂಡುಹೂವು, ಅಂಟಿನ ಟೇಪು, ಹಿಂದಿನ ಸೀಟಿನಲ್ಲಿ ಬಿಕ್ಕಿ ಬಿಕ್ಕಿ ಅಳುವ ಮದುಮಗಳು. ಎಷ್ಟು ಮದುಮಕ್ಕಳನ್ನು ಹೊತ್ತೆನೋ ದೇವರಿಗೇ ಗೊತ್ತು. ಆದರೆ ಒಬ್ಬರನ್ನೂ ನಡುದಾರಿಯಲ್ಲಿ ಇಳಿಸಿ ನೂಕಿಸಿಕೊಳ್ಳಲಿಲ್ಲ. ಈ ಮಾತನ್ನು ಎದೆ ತಟ್ಟಿಕೊಂಡು ಹೇಳುತ್ತೇನೆ.

ಅವನಿಂದ ನನ್ನನ್ನು ಕೊಂಡವರು ಹುಬ್ಬಳ್ಳಿಯ ಗುರುಸಿದ್ದಪ್ಪ. ತಂದ ವಾರವೇ ಅವರು ತಮ್ಮ ಹೆಂಡತಿ ಶಿವಲೀಲಾ ಅವರನ್ನು ಖಾಲಿ ಮೈದಾನಕ್ಕೆ ಕರೆದೊಯ್ದು ಸ್ಟೇರಿಂಗ್ ಮುಂದೆ ಕೂರಿಸಿದರು. ಆಯಮ್ಮ ಖಡಕ್ ಜೋಳದ ರೊಟ್ಟಿ ಮಾಡಿ ಹಾಸ್ಟೆಲ್ಲುಗಳಿಗೆ, ಖಾನಾವಳಿಗಳಿಗೆ ಕೊಡುತ್ತಿದ್ದರು. ಮೊದಲ ದಿನವೇ ನನ್ನನ್ನು ತಗೊಂಡು ಹೋಗಿ ಒಂದು ಇಟ್ಟಿಗೆ ರಾಶಿಗೆ ಗುದ್ದಿದರು. ನನ್ನ ಬಂಪರ್ ಸೊಟ್ಟಗಾಯಿತು. ಗುರುಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗಾಡಿಗೆ ಪೆಟ್ಟಾದರ ಆಗಲಿ ಬಿಡು. ನಿನ್ನ ಹೆದರಿಕಿ ಹೋತಲ್ಲ, ಅಷ್ಟ ಸಾಕು."

ಆ ಬಂಪರ್ ಇವತ್ತಿಗೂ ಸೊಟ್ಟಗೇ ಇದೆ. ಗುರುಸಿದ್ದಪ್ಪ ತೀರಿಕೊಂಡ ಮೇಲೆ ಬಂಧುಗಳೆಲ್ಲ ಹೋದರೋ ಇಲ್ಲವೋ, ಶಿವಲೀಲಾ ಕಣ್ಣೊರೆಸಿಕೊಂಡು ಡಿಕ್ಕಿಯಲ್ಲಿ ರೊಟ್ಟಿ ಬುಟ್ಟಿ ಇಟ್ಟು ನನ್ನನ್ನು ಹೊರಗೆ ತೆಗೆದರು. ಅಂದಿನಿಂದ ಓಣಿಯಲ್ಲಿ ನನಗೆ ರೊಟ್ಟಿ ಗಾಡಿ ಎಂಬ ಹೆಸರಾಯಿತು. ನನ್ನ ಚೇಷ್ಟೆಗಳೆಲ್ಲ ಅವರಿಗೆ ಗೊತ್ತು. ಕೀಲಿ ಅರ್ಧ ತಿರುವಿ, ಒಂದು ಉಸಿರು ತಡೆದು, ಆಮೇಲೆ ಪೂರ್ತಿ ತಿರುವಬೇಕು. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನವರೇ ತೆರೆಯಬೇಕು. ಇಷ್ಟು ತಿಳಿದವರಿಗೆ ನಾನು ಎಂದೂ ಕೈಕೊಟ್ಟಿಲ್ಲ.

ಮಗ ವಿರೂಪಾಕ್ಷನಿಗೆ ಇದೆಲ್ಲ ಬೇಕಿರಲಿಲ್ಲ. ಅವನ ಹಾರ್ಡ್‌ವೇರ್ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು.

"ಅವ್ವಾ, ಮಂದಿ ನಗಾಕತ್ತಾರ. ಅಂಗಡಿ ಮಾಲಕನ ತಾಯಿ ಡಬ್ಬಾ ಗಾಡ್ಯಾಗ ರೊಟ್ಟಿ ಮಾರ್ತಾಳ ಅಂತ."

"ನಗಲಿ ಬಿಡಪಾ. ಅವರ ಹಲ್ಲಿಗಾದ್ರೂ ಗಾಳಿ ಆಡ್ತೈತಿ."

"ಹೊಸಾದು ತರ್ತೀನಿ. ಗೇರೇ ಇಲ್ಲ ಅದಕ್ಕ. ಎಲ್ಲಿ ಬೇಕಂದರ ಅಲ್ಲಿ ನಾನ ಕರ್ಕೊಂಡು ಹೋಗ್ತೀನಿ."

"ರೊಟ್ಟಿ ಹಾಕ್ಕೊಂಡು?"

"ಹೊಸ ಗಾಡ್ಯಾಗ ರೊಟ್ಟಿ ಬುಟ್ಟಿನ? ಸಾಕಿನ್ನ, ಮನ್ಯಾಗ ಆರಾಮ ಕುಂದ್ರು."

ಶಿವಲೀಲಾ ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಹೊಸದು ಬಂದರೆ ನನಗೆ ಗುಜರಿಯೇ ಗತಿ. ಗುಜರಿಗೆ ಹೋಗುವುದು ನನಗೇನೂ ದೊಡ್ಡದಲ್ಲ. ಆದರೆ ನಾನು ಹೋದರೆ ಈಕೆ ಮನೆಯಲ್ಲಿ ಕೂರಬೇಕು, ಆ ಸಂಕಟ ನನಗೆ ತಡೆಯಲಾಗಲಿಲ್ಲ.

ಹೊಸ ಕಾರು ಬಂದೇ ಬಂತು. ಮನೆಯ ಮುಂದೆ ಹಾರ ಹಾಕಿಸಿಕೊಂಡು, ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಡಿಸಿಕೊಂಡು ಮಿರಮಿರ ಮಿಂಚುತ್ತ ನಿಂತಿತು. ರಾಹುಕಾಲ ಬರುವುದರೊಳಗೆ ಪೂಜೆಯಾಗಬೇಕು, ಪೂಜೆಯಾಗುವ ತನಕ ಗಾಲಿ ಅಲುಗಾಡುವಂತಿಲ್ಲ. ಓಣಿಯ ತುದಿಯಲ್ಲಿ ಗುಜರಿಯವನ ಲಾರಿ ಬೇರೆ ಬಂದು ನಿಂತಿತ್ತು, ನನಗಾಗಿ. ಅಷ್ಟರಲ್ಲಿ ಪೂಜೆ ಮಾಡಿಸಬೇಕಾಗಿದ್ದ ಪುರೋಹಿತ ಚನ್ನವೀರಯ್ಯನವರ ಫೋನು ಬಂತು: ಉಣಕಲ್ ಕೆರೆ ಹತ್ತಿರ ಸ್ಕೂಟರ್ ಕೆಟ್ಟು ನಿಂತಿದೆ, ಇವತ್ತೇ ಆಟೋದವರ ಬಂದ್, ಯಾರಾದರೂ ಬಂದು ಕರೆದುಕೊಂಡು ಹೋಗಿ.

ಹೊಸದನ್ನು ಮುಟ್ಟುವಂತಿಲ್ಲ. ಉಳಿದವರು ಯಾರು? ನಾನೇ! ನನ್ನನ್ನು ಹೊರಗಟ್ಟಲು ಬಂದ ಹೊಸ ಕಾರಿಗೆ ಪೂಜೆ ಮಾಡಿಸಲು ನಾನೇ ಅಯ್ಯನವರನ್ನು ಹೊತ್ತು ತರಬೇಕಂತೆ. ಎಂಥಾ ಮರ್ಯಾದೆ ನೋಡಿ!

ವಿರೂಪಾಕ್ಷ ಬಂದು ದಬಕ್ಕನೆ ಕೂತು ಕೀಲಿ ತಿರುವಿದ. ನಾನು ಗಪ್‌ಚುಪ್. ಮತ್ತೆ ತಿರುವಿದ. ಗುರ್ ಎಂದು ಸುಮ್ಮನಾದೆ. ಓಣಿಯವರು ಕಿಸಕ್ಕನೆ ನಕ್ಕರು.

"ನೋಡಿದೆವ್ವಾ? ಸತ್ತೈತಿ ಇದು."

"ನೀ ಇಳಿ ಮೊದಲ," ಎಂದರು ಶಿವಲೀಲಾ.

ಅವರು ಕೂತಾಗ ನನಗೆ ಪೀಕಲಾಟ. ಹೊರಟರೆ ನನ್ನ ಸಾವನ್ನು ನಾನೇ ಕರೆತಂದಂತೆ. ಹೊರಡದಿದ್ದರೆ ಮಗ ಹೇಳಿದ್ದೇ ಖರೆ ಆಗುತ್ತದೆ, ಈಕೆಯ ಬಾಯಿ ಕಟ್ಟಿಹೋಗುತ್ತದೆ. ಅವರು ಕೀಲಿ ಅರ್ಧ ತಿರುವಿದರು, ಉಸಿರು ತಡೆದರು. ಹೋಗುವುದಾದರೆ ಓಡುತ್ತಲೇ ಹೋಗುತ್ತೇನೆ, ಅಳುಕುವ ಜಾತಿ ನನ್ನದಲ್ಲ ಎಂದುಕೊಂಡೆ. ಒಂದೇ ಏಟಿಗೆ ಎದ್ದೆ.

ಚನ್ನವೀರಯ್ಯನವರು ದೊಡ್ಡ ದೇಹದವರು. ಪೂಜೆಯ ಚೀಲ ಅಪ್ಪಿಕೊಂಡು ಹಿಂದಿನ ಎಡಬಾಗಿಲಿನಿಂದ ಹತ್ತಿ ಕೂತರು. ಶಿವಲೀಲಾ ನನ್ನನ್ನು ಮನೆಯ ಕಡೆ ತಿರುಗಿಸಲಿಲ್ಲ.

"ಯವ್ವಾ, ಮನಿ ಆ ಕಡಿ ಅಲ್ಲೇನು?"

"ಹೌದ್ರಿ ಅಯ್ನೋರ. ಮುಂಜಾನೆ ಇಟ್ಟ ರೊಟ್ಟಿ ಡಿಕ್ಕ್ಯಾಗ ಅದಾವು. ಹಾಸ್ಟೆಲ್ ಹುಡುಗ್ಯಾರು ಹಸಗೊಂಡು ಕುಂತಿರ್ತಾರ."

"ರಾಹುಕಾಲ ಬರ್ತೈತಲ್ಲವಾ!"

"ಹೊಟ್ಟಿಗೆ ಯಾವ ರಾಹುಕಾಲರೀ?"

ಹಾಸ್ಟೆಲ್ ಮುಂದೆ ನಿಂತಾಗ ಅಯ್ಯನವರು ಇಳಿಯಲು ನೋಡಿದರು. ನನ್ನ ಎಡಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಶಿವಲೀಲಾ ಅಯ್ಯನವರ ಕೈಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ಆಮೇಲೆ ಅವರು ರಾಹುಕಾಲದ ಸುದ್ದಿ ಎತ್ತಲಿಲ್ಲ.

ಬುಟ್ಟಿ ಖಾಲಿಯಾದ ಮೇಲೆ ಒಬ್ಬ ಹುಡುಗಿ ನನ್ನ ಬಾನೆಟ್ ತಟ್ಟಿ ಕೇಳಿದಳು, "ಅಮ್ಮಾರ, ನಾಳೆ ಬರ್ತೀರಿಲ್ರಿ? ಗಾಡಿ ಮಾರ್ತಾರಂತ ಅಂದ್ರು ಯಾರೋ."

ಶಿವಲೀಲಾ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡರು.

"ಬರ್ತೀನಿ," ಎಂದರು.

ಓಣಿಗೆ ಮುಟ್ಟಿದಾಗ ವಿರೂಪಾಕ್ಷ ಬೆಂಕಿಯಾಗಿದ್ದ. "ಎಲ್ಲಿ ಹೋಗಿದ್ದ್ಯವ್ವಾ? ರಾಹುಕಾಲ ಬರಾಕತ್ತೈತಿ!"

ಶಿವಲೀಲಾ ಕೆಳಗಿಳಿದರು. ಅಯ್ಯನವರಿಗೆ ಹೊರಗಿನಿಂದ ಬಾಗಿಲು ತೆರೆದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ ಕಾರಿನ ಹತ್ತಿರ ಹೋಗಿ, ಬಗ್ಗಿ, ಗಾಲಿಗಳ ಮುಂದಿನಿಂದ ನಾಲ್ಕೂ ನಿಂಬೆಹಣ್ಣು ಎತ್ತಿಕೊಂಡರು. ಓಣಿಯವರು ಬಾಯಿ ತೆರೆದು ನಿಂತರು. ಅವನ್ನು ತಂದು ನನ್ನ ಗಾಲಿಗಳಿಗೆ ಒಂದೊಂದಾಗಿ ಇಟ್ಟರು.

"ಅಯ್ನೋರ, ಮೊದಲ ಇದಕ್ಕ ಪೂಜಾ ಆಗಲಿ."

"ಅವ್ವಾ! ಗುಜರಿಗೆ ಹೋಗೂದಕ್ಕ ಪೂಜಾ?"

"ಯಾವುದಪಾ ಗುಜರಿಗೆ ಹೋಗೂದು? ಇದು ನಂದು. ನಿಂದು ಚಂದ ಐತಿ, ನೀ ಓಡಸು. ನಿಮ್ಮಪ್ಪ ನನಗ ಗಾಡಿ ಕಲಿಸಿದ್ದು ಮನ್ಯಾಗ ಕುಂದ್ರಾಕ ಅಲ್ಲ."

ವಿರೂಪಾಕ್ಷ ಅಯ್ಯನವರ ಮುಖ ನೋಡಿದ. ಅಯ್ಯನವರು ಗಡಿಯಾರ ನೋಡಿ, ಮೀಸೆಗೆ ಹತ್ತಿದ ಚಟ್ನಿ ಒರೆಸಿಕೊಂಡರು.

"ಒಂದು ಪೂಜಾಕ್ಕ ಅಷ್ಟ ಟೈಮ್ ಐತಿ ನೋಡಪಾ. ನಿಂದು ರಾಹುಕಾಲ ಕಳದ ಮ್ಯಾಲ ಮಾಡೂಣಂತ."

ನನ್ನ ಸೊಟ್ಟ ಬಂಪರಿಗೆ ವಿಭೂತಿ ಬಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ ನನಗೆ ನಾಚಿಕೆಯಾಯಿತು. ಶಿವಲೀಲಾ ಕೂತು ಕೀಲಿ ತಿರುವಿದರು, ನಾಲ್ಕೂ ನಿಂಬೆಹಣ್ಣನ್ನು ಪಚಕ್ಕನೆ ತುಳಿದು ಮುಂದೆ ಹೋದೆ. ಗುಜರಿಯವನು ಲಾರಿ ಹಿಂದಕ್ಕೆ ತಗೊಂಡ.

ರಾಹುಕಾಲ ಕಳೆಯುತ್ತ ಬಂದಾಗ ವಿರೂಪಾಕ್ಷ ಮುಖ ದಪ್ಪ ಮಾಡಿಕೊಂಡು ನನ್ನ ಹತ್ತಿರ ಬಂದು ನಿಂತ.

"ಅವ್ವಾ, ನಿಂಬಿಹಣ್ಣು ತರಾಕ ಹೋಗಬೇಕು."

ಶಿವಲೀಲಾ ನಗು ತಡೆದುಕೊಂಡು ಮುಂದಿನ ಬಾಗಿಲು ತೆರೆದರು. "ಹತ್ತು."

ಹತ್ತಿದ. ಬಾಲ್ಯದಲ್ಲಿ ಅಪ್ಪನ ಪಕ್ಕ ಕೂರುತ್ತಿದ್ದ ಅದೇ ಸೀಟು. ದಾರಿಯಲ್ಲಿ ಮೆಲ್ಲಗೆ ಕೇಳಿದ, "ಕೀಲಿ ಹೆಂಗ ತಿರವ್ತೀ ಅವ್ವಾ?" ಆಕೆ ತೋರಿಸಿಕೊಟ್ಟರು.

ಈಗ ಹೊಸ ಕಾರು ಹೊದಿಕೆ ಹೊದ್ದು ನೆರಳಲ್ಲಿ ನಿಲ್ಲುತ್ತದೆ, ನಾನು ಗೇಟಿನ ಹೊರಗೆ ಬಿಸಿಲಲ್ಲಿ. ನಿಲ್ಲಲಿ, ನನಗೇನೂ ಹೊಟ್ಟೆಯುರಿ ಇಲ್ಲ. ನನ್ನ ಕೀಲುಗಳು ಕಿರುಗುಟ್ಟುತ್ತವೆ, ಉಸಿರಿನಲ್ಲಿ ಹೊಗೆ ಬರುತ್ತದೆ. ಆ ಲಾರಿ ಒಂದು ದಿನ ಮತ್ತೆ ಓಣಿಗೆ ಬರುತ್ತದೆ ಎಂಬುದೂ ಗೊತ್ತು. ಬರಲಿ. ಆದರೆ ನಾಳೆ ಹಾಸ್ಟೆಲ್ಲಿಗೆ ರೊಟ್ಟಿ ಹೋಗಬೇಕು, ಬರ್ತೀನಿ ಅಂತ ಮಾತು ಕೊಟ್ಟಿದ್ದೇವೆ. ಗುಜರಿಯವನು ಅಲ್ಲಿವರೆಗೆ ಕಾಯಲಿ.